625ರಲ್ಲಿ ಆ 125: ಅಮಾಕ್ಸಿಸಿಲಿನ್–ಕ್ಲಾವ್ಯುಲನೇಟ್ ಮಾತ್ರೆಯ ವಿಮರ್ಶೆ

ಮೆಡಿಕಲ್ ಶಾಪಿನಲ್ಲಿ 'ಸಿಕ್ಸ್ ಟ್ವೆಂಟಿಫೈವ್ ಒಂದು ಸ್ಟ್ರಿಪ್' ಅಂದರೆ ಸಾಕು, ಯಾವ ಔಷಧಿ ಎಂದು ಅಂಗಡಿಯವರು ತಿರುಗಿ ಕೇಳುವುದಿಲ್ಲ. ಆಗ್ಮೆಂಟಿನ್, ಕ್ಲಾವಮ್, ಮಾಕ್ಸಿಕೈಂಡ್ ಸಿವಿ, ಅಡ್ವೆಂಟ್ ಎಂದು ಡಬ್ಬಿಯ ಹೆಸರು ಬೇರೆ ಬೇರೆ, ಒಳಗಿರುವುದು ಒಂದೇ: ಪೆನಿಸಿಲಿನ್ ಕುಟುಂಬದ ಆಂಟಿಬಯೋಟಿಕ್ ಅಮಾಕ್ಸಿಸಿಲಿನ್ 500 ಮಿ.ಗ್ರಾಂ, ಕ್ಲಾವ್ಯುಲಾನಿಕ್ ಆಮ್ಲ (ಕ್ಲಾವ್ಯುಲನೇಟ್) 125 ಮಿ.ಗ್ರಾಂ. ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಬ್ರ್ಯಾಂಡನ್ನಲ್ಲ, ಈ ಜೋಡಿಯನ್ನು. ಅದರಲ್ಲೂ ಆ 125ನ್ನು. ಬಿಡಿ ಅಮಾಕ್ಸಿಸಿಲಿನ್ 500 ಇದಕ್ಕಿಂತ ಎಷ್ಟೋ ಅಗ್ಗ. ಗ್ರಾಹಕರು ಹೆಚ್ಚಿಗೆ ಕೊಡುವ ದುಡ್ಡು ಹೋಗುವುದು 125ಕ್ಕೆ. ಹೊಟ್ಟೆ ಕೆಡಿಸುವುದರಲ್ಲಿ ದೊಡ್ಡ ಪಾಲು ಅದರದ್ದೇ. ತೇವ ತಗುಲಿದರೆ ಮೊದಲು ಹಾಳಾಗುವುದೂ ಅದೇ. ಇಷ್ಟೆಲ್ಲ ಆಗಿ ಅದು ಕೆಲಸಕ್ಕೆ ಬರುವುದು ಸೋಂಕು ತಂದ ಬ್ಯಾಕ್ಟೀರಿಯಾದ ಬಳಿ ಒಂದು ಜಾತಿಯ ಕಿಣ್ವ ಇದ್ದಾಗ ಮಾತ್ರ.

ಆ ಕಿಣ್ವದ ಹೆಸರು ಬೀಟಾ-ಲ್ಯಾಕ್ಟಮೇಸ್. ಅದು ಏನು ಮಾಡುತ್ತದೆ ಎಂದು ತಿಳಿಯದೆ ಈ ಮಾತ್ರೆ ದುಬಾರಿಯೋ ಅಲ್ಲವೋ ಹೇಳಲಾಗದು.

ಬ್ಯಾಕ್ಟೀರಿಯಾ ತನ್ನ ಮೈಸುತ್ತ ಬಲೆಯಂಥ ಗೋಡೆ ಹೆಣೆದುಕೊಳ್ಳುತ್ತದೆ. ಬಲೆಯ ಎಳೆಗಳಿಗೆ ಗಂಟು ಹಾಕುವ ಕಿಣ್ವಗಳನ್ನು ಪಿಬಿಪಿ, ಅಂದರೆ ಪೆನಿಸಿಲಿನ್ ಬೈಂಡಿಂಗ್ ಪ್ರೋಟೀನ್ ಎನ್ನುತ್ತಾರೆ. ಪೆನಿಸಿಲಿನ್ ಅಣುವಿನ ಮಧ್ಯೆ ಮೂರು ಇಂಗಾಲ, ಒಂದು ಸಾರಜನಕ ಸೇರಿದ ನಾಲ್ಕು ಮೂಲೆಯ ಉಂಗುರವಿದೆ. ಬಿಲ್ಲಿನ ಹೆದೆ ಎಳೆದಿಟ್ಟ ಹಾಗೆ ಬಿಗಿಯಾಗಿರುವ ಈ ಉಂಗುರ ತಾಗಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಪಿಬಿಪಿ ಇದನ್ನು ಗೋಡೆಯ ಎಳೆಯೆಂದೇ ನಂಬಿ ತನ್ನ ಸೆರೀನ್ ಎಂಬ ಅಮೈನೊ ಆಮ್ಲದಿಂದ ಹಿಡಿಯುತ್ತದೆ. ಉಂಗುರ ಬಿಚ್ಚಿ ಸೆರೀನಿಗೆ ಅಂಟಿಕೊಂಡಿತೋ, ಪಿಬಿಪಿಯ ಕೈ ಕಟ್ಟಿದ ಹಾಗೆ. ಗಂಟು ಹಾಕುವವರಿಲ್ಲದೆ ಬೆಳೆಯುತ್ತಿರುವ ಗೋಡೆ ಸಡಿಲವಾಗಿ ಜೀವಕೋಶ ಒಡೆಯುತ್ತದೆ.

ಬೀಟಾ-ಲ್ಯಾಕ್ಟಮೇಸ್‌ಗಳಲ್ಲಿ ಹೆಚ್ಚಿನವು ಇದೇ ಪಿಬಿಪಿಯ ದೂರದ ನೆಂಟರು. ಅಲ್ಲೂ ಸೆರೀನ್ ಇದೆ, ಅದೂ ಉಂಗುರವನ್ನು ಹಿಡಿದು ಬಿಚ್ಚುತ್ತದೆ. ವ್ಯತ್ಯಾಸ ಒಂದು ನೀರಿನ ಅಣುವಿನದು. ಟೆಮ್-1 ಎಂಬ ಕಿಣ್ವದಲ್ಲಿ 166ನೆಯ ಸ್ಥಾನದ ಗ್ಲುಟಮಿಕ್ ಆಮ್ಲ ಒಂದು ನೀರಿನ ಅಣುವನ್ನು ಸರಿಯಾದ ಜಾಗದಲ್ಲಿ ಸಿದ್ಧವಾಗಿಟ್ಟುಕೊಂಡಿರುತ್ತದೆ. ಪೆನಿಸಿಲಿನ್ ಅಂಟಿದ ತಕ್ಷಣ ಆ ನೀರು ಅದನ್ನು ಕತ್ತರಿಸಿ ಹೊರಗೆ ತಳ್ಳುತ್ತದೆ. ಪಿಬಿಪಿ ಗಂಟೆಗಟ್ಟಲೆ ಸಿಕ್ಕಿಬಿದ್ದಿರುವ ಕಡೆ ಟೆಮ್-1 ಸೆಕೆಂಡಿಗೆ ಸುಮಾರು ಸಾವಿರ ಪೆನಿಸಿಲಿನ್ ಅಣುಗಳನ್ನು ಮುರಿದು ಮತ್ತೆ ಬಾಯಿ ತೆರೆದು ಕೂರುತ್ತದೆ. ಅಮಾಕ್ಸಿಸಿಲಿನ್ ಡೋಸನ್ನು ಎರಡು ಪಟ್ಟು, ಮೂರು ಪಟ್ಟು ಏರಿಸಿದರೂ ಈ ವೇಗದ ಮುಂದೆ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದು ಔಷಧಿಯ ದುರ್ಬಳಕೆಯಿಂದ ಹೊಸದಾಗಿ ಹುಟ್ಟಿದ ಚಾಳಿಯಲ್ಲ. ಆಕ್ಸ್‌ಫರ್ಡ್‌ನಲ್ಲಿ ಏಬ್ರಹಾಂ ಮತ್ತು ಚೈನ್ ಪೆನಿಸಿಲಿನ್ ಮುರಿಯುವ ಕಿಣ್ವವನ್ನು ಕರುಳಿನ ಬ್ಯಾಕ್ಟೀರಿಯಾದಲ್ಲಿ ಕಂಡು ಬರೆದದ್ದು 1940ರಲ್ಲಿ. ಅಲ್ಲಿನ ಮೊದಲ ರೋಗಿಗೆ ಪೆನಿಸಿಲಿನ್ ಚುಚ್ಚಿದ್ದು 1941ರಲ್ಲಿ. ಬೂಷ್ಟು, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಇವೆಲ್ಲ ಯುಗಯುಗಗಳಿಂದ ಆಂಟಿಬಯೋಟಿಕ್ ತಯಾರಿಸುತ್ತಿವೆ. ನೆರೆಯ ಬ್ಯಾಕ್ಟೀರಿಯಾಗಳೂ ಅಷ್ಟೇ ಕಾಲದಿಂದ ಕತ್ತರಿ ಮಸೆಯುತ್ತಿವೆ. ಮನುಷ್ಯ ಮಾಡಿದ್ದು ಕತ್ತರಿ ಹಿಡಿದವರನ್ನು ಆರಿಸಿ ಆರಿಸಿ ಉಳಿಸಿದ್ದು.

ಕ್ಲಾವ್ಯುಲಾನಿಕ್ ಆಮ್ಲ ಬಂದದ್ದೂ ಮಣ್ಣಿನಿಂದಲೇ. ಸ್ಟ್ರೆಪ್ಟೊಮೈಸಿಸ್ ಕ್ಲಾವ್ಯುಲಿಜೆರಸ್ ಎಂಬ ಬ್ಯಾಕ್ಟೀರಿಯಾ ಸೆಫಮೈಸಿನ್-ಸಿ ಎಂಬ ಆಂಟಿಬಯೋಟಿಕ್ಕನ್ನೂ, ಅದನ್ನು ಮುರಿಯಬಹುದಾದ ಕಿಣ್ವಗಳ ಬಾಯಿ ಕಟ್ಟುವ ಕ್ಲಾವ್ಯುಲಾನಿಕ್ ಆಮ್ಲವನ್ನೂ ಒಟ್ಟಿಗೆ ತಯಾರಿಸುತ್ತದೆ. ಎರಡರ ಜೀನ್‌ಗಳೂ ಅದರ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲಿವೆ. ಅಂದರೆ ಇಂಥ ಕಾಂಬಿನೇಷನ್ನಿನ ಮೊದಲ ತಯಾರಕ ಈ ಬ್ಯಾಕ್ಟೀರಿಯಾವೇ. ಇಂಗ್ಲೆಂಡಿನ ಬೀಚಮ್ ಕಂಪನಿ ಬ್ರಾಕ್‌ಹ್ಯಾಂ ಪಾರ್ಕ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಇದನ್ನು ಬೇರ್ಪಡಿಸಿ, ಅಮಾಕ್ಸಿಸಿಲಿನ್ ಜೊತೆ ಸೇರಿಸಿ 1981ರಲ್ಲಿ ಮಾರುಕಟ್ಟೆಗೆ ಬಿಟ್ಟಿತು.

ಕ್ಲಾವ್ಯುಲಾನಿಕ್ ಆಮ್ಲ ತಾನಾಗಿ ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಬಲು ಮೆತ್ತಗೆ. ಅದರಲ್ಲೂ ಅದೇ ನಾಲ್ಕು ಮೂಲೆಯ ಉಂಗುರವಿದೆ, ಕಿಣ್ವ ಆಸೆಯಿಂದ ಬಾಯಿ ಹಾಕುತ್ತದೆ. ಆದರೆ ಮೊದಲ ಉಂಗುರ ಬಿಚ್ಚಿದ ಬೆನ್ನಿಗೇ ಪಕ್ಕದ ಎರಡನೆಯ ಉಂಗುರವೂ ಬಿಚ್ಚಿಕೊಂಡು, ಉಳಿದ ಚೂರು ಕಿಣ್ವದ ಒಳಗೇ ರೂಪ ಬದಲಿಸಿ ಅಂಟುತ್ತದೆ. ನೀರಿನ ಅಣುವಿಗೆ ಅದನ್ನು ತಳ್ಳಲಾಗುವುದಿಲ್ಲ. ಹಲಸಿನ ಹಣ್ಣು ಕೊಯ್ದ ಕೈಗೆ ಮೇಣ ಹತ್ತಿದ ಹಾಗೆ. ಪ್ರತಿ ಕಿಣ್ವಕ್ಕೆ ಒಂದೇ ಕ್ಲಾವ್ಯುಲನೇಟ್ ಅಣು ಸಾಕು ಎಂದು ತಿಳಿಯಬಾರದು. ಸ್ಟೆಫಿಲೊಕಾಕಸ್‌ನ ಕಿಣ್ವ ಬೇಗ ಸೋಲುತ್ತದೆ. ಟೆಮ್ ಜಾತಿಯದು ಪೂರ್ತಿ ನಿಲ್ಲುವ ಮೊದಲು ನೂರಕ್ಕೂ ಹೆಚ್ಚು ಕ್ಲಾವ್ಯುಲನೇಟ್ ಅಣುಗಳನ್ನು ಮುರಿದು ಹಾಕಿರುತ್ತದೆ. ಕಿಣ್ವವನ್ನು ರಾಶಿ ರಾಶಿ ತಯಾರಿಸುವ ಇ. ಕೋಲೈ ಸಿಕ್ಕಿದರೆ 125 ಮಿ.ಗ್ರಾಂ ಖರ್ಚಾಗಿ ಹೋಗುತ್ತದೆ, ಕಿಣ್ವ ಇನ್ನೂ ಉಳಿದಿರುತ್ತದೆ.

ಮಿಕ್ಕ ಆಂಟಿಬಯೋಟಿಕ್‌ಗಳನ್ನು ಕೆಡಿಸುವ ಕಿಣ್ವಗಳೂ ಇವೆ. ಕ್ಲೋರಾಂಫೆನಿಕಾಲ್‌ಗೆ ಅಸಿಟೈಲ್ ಗುಂಪು ಅಂಟಿಸುವುದೊಂದು, ಕ್ಯಾನಮೈಸಿನ್–ಜೆಂಟಮೈಸಿನ್‌ಗಳಿಗೆ ಫಾಸ್ಫೇಟ್ ಇಲ್ಲವೇ ಅಸಿಟೈಲ್ ಮೆತ್ತುವುದಿನ್ನೊಂದು. ಅವುಗಳ ಬಾಯಿ ಕಟ್ಟುವ ಜೊತೆಮದ್ದು ಮಾತ್ರ ಚಿಕಿತ್ಸೆಗೆ ಬಂದಿಲ್ಲ. ಕ್ಯಾನಮೈಸಿನ್ ವಿಷಯದಲ್ಲಿ ರಸಾಯನಶಾಸ್ತ್ರಜ್ಞರು ಔಷಧಿಯನ್ನೇ ತಿದ್ದಿ ಅಮಿಕಾಸಿನ್ ಮಾಡಿದರು. ಕಿಣ್ವವನ್ನೇ ಹಿಡಿದು ನಿಲ್ಲಿಸುವ ದಾರಿ ಗೆದ್ದದ್ದು ಬೀಟಾ-ಲ್ಯಾಕ್ಟಮ್ ಕುಟುಂಬದಲ್ಲಿ, ಅಂದರೆ ಆ ನಾಲ್ಕು ಮೂಲೆಯ ಉಂಗುರವಿರುವ ಔಷಧಿಗಳಲ್ಲಿ. ಆ ಮಟ್ಟಿಗೆ ಈ ಮಾತ್ರೆಗೆ ಗೌರವ ಸಲ್ಲಬೇಕು.

ಅಂಕಿ ಓದುವ ಕ್ರಮ

ಡಬ್ಬಿಯ ಮೇಲಿನ ದೊಡ್ಡ ಅಂಕಿ ಎರಡೂ ಔಷಧಿಗಳ ಮೊತ್ತ. 375 ಅಂದರೆ 250+125. 625 ಅಂದರೆ 500+125. 1000 ಅಂದರೆ 875+125. ಮೂರರಲ್ಲೂ ಕ್ಲಾವ್ಯುಲನೇಟ್ ಅಷ್ಟೇ ಇದೆ, ಅಮಾಕ್ಸಿಸಿಲಿನ್ ಮಾತ್ರ ಏರಿದೆ. ಮನೆಯಲ್ಲಿ ನಡೆಯುವ ಹೆಚ್ಚಿನ ಎಡವಟ್ಟು ಹುಟ್ಟುವುದು ಇದನ್ನು ನೋಡದೆ.

'625 ಖಾಲಿಯಾಗಿದೆ, 375 ಎರಡು ತಗೊಳ್ಳಿ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು 375 ಸೇರಿದರೆ ಅಮಾಕ್ಸಿಸಿಲಿನ್ 500 ಸರಿಯಾಯಿತು, ಕ್ಲಾವ್ಯುಲನೇಟ್ 250 ಆಯಿತು. ಕಿಣ್ವ ಕಟ್ಟಲು ಅಷ್ಟು ಬೇಕಿಲ್ಲ. ಹೊಟ್ಟೆ ಕೆಡಲು ಅದು ಧಾರಾಳ. ಹಾಗೆಯೇ 1000ದ ಮಾತ್ರೆಯನ್ನು ಅರ್ಧ ಮುರಿದರೆ 437.5+62.5, ಅದು 500ರ ಬಿಡಿ ಅಮಾಕ್ಸಿಸಿಲಿನ್ನೂ ಅಲ್ಲ, 625ಊ ಅಲ್ಲ. ದೊಡ್ಡವರಿಗೆ 625 ಸಾಮಾನ್ಯವಾಗಿ 8 ಗಂಟೆಗೊಮ್ಮೆ, 1000 ಆದರೆ 12 ಗಂಟೆಗೊಮ್ಮೆ. ಎರಡೂ ಔಷಧಿಗಳು ರಕ್ತದಲ್ಲಿ ಅರ್ಧಕ್ಕಿಳಿಯಲು ತೆಗೆದುಕೊಳ್ಳುವುದು ಸುಮಾರು ಒಂದು ಗಂಟೆ ಅಷ್ಟೇ. ಆದ್ದರಿಂದ 'ಮಧ್ಯಾಹ್ನದ್ದು ಮರೆತೆ, ರಾತ್ರಿ ಎರಡು ನುಂಗಿದೆ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಔಷಧಿಯ ಮಟ್ಟ ಎಷ್ಟು ಎತ್ತರಕ್ಕೆ ಹಾರಿತು ಎಂಬುದಕ್ಕಿಂತ ಎಷ್ಟು ಹೊತ್ತು ಸಾಕಷ್ಟಿತ್ತು ಎಂಬುದೇ ಪೆನಿಸಿಲಿನ್ ಕುಟುಂಬಕ್ಕೆ ಮುಖ್ಯ. ಕಿಡ್ನಿ ಬಹಳ ಕುಂದಿದವರಿಗೆ, ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕಡಿಮೆ ಇದ್ದವರಿಗೆ, 1000ದ ಮಾತ್ರೆ ಕೂಡದು. 625ರ ಅಂತರವನ್ನೂ ವೈದ್ಯರು ಹೆಚ್ಚಿಸುತ್ತಾರೆ.

ನುಂಗುವ ಹೊತ್ತು: ಊಟದ ಮೊದಲ ತುತ್ತಿನ ಜೊತೆ. 'ಊಟ ಆದಮೇಲೆ' ಎಂದು ಚೀಟಿಯಲ್ಲಿ ಬರೆಯುವುದು ರೂಢಿ, ಆದರೆ ಕ್ಲಾವ್ಯುಲನೇಟ್ ಚೆನ್ನಾಗಿ ಹೀರಿಕೊಳ್ಳುವುದು ಹಗುರ ಊಟದ ಶುರುವಿನಲ್ಲಿ. ಎಣ್ಣೆ–ಬೆಣ್ಣೆ ಜೋರಾಗಿರುವ ತಿಂಡಿ ಮುಗಿಸಿ ಅರ್ಧ ಗಂಟೆ ಬಿಟ್ಟು ನುಂಗಿದರೆ ಅದರ ಪ್ರಮಾಣ ರಕ್ತದಲ್ಲಿ ಇಳಿಯುತ್ತದೆ. ಎರಡು ಇಡ್ಲಿಯ ನಡುವೆ ನುಂಗಿದರೆ ಸರಿ. ಬೆಣ್ಣೆ ದೋಸೆ ಮುಗಿಸಿ, ಕಾಫಿ ಕುಡಿದು, ಪೇಪರ್ ಓದಿ ಆಮೇಲೆ ಎಂದರೆ 125ಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದಷ್ಟು ನಷ್ಟ.

ಪ್ಯಾಕಿಂಗ್

ಮಾತ್ರೆಯ ಗುಣಮಟ್ಟ ನೋಡುವಾಗ ಹೆಸರಿಗಿಂತ ಮೊದಲು ಪ್ಯಾಕಿಂಗ್ ನೋಡಬೇಕು. ಪೊಟ್ಯಾಸಿಯಮ್ ಕ್ಲಾವ್ಯುಲನೇಟ್ ಗಾಳಿಯ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ, ಎಳೆದುಕೊಂಡು ಒಡೆಯುತ್ತದೆ. ಆದ್ದರಿಂದ ಒಳ್ಳೆಯ ತಯಾರಕರು ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್ ಬಳಸುತ್ತಾರೆ, ಇಲ್ಲವೇ ಬ್ಲಿಸ್ಟರನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇನ್ನೊಂದು ಅಲ್ಯೂಮಿನಿಯಂ ಚೀಲದಲ್ಲಿ ಮುಚ್ಚುತ್ತಾರೆ. ಆ ಪೊಟ್ಟಣವನ್ನು ಎಸೆಯಬಾರದು, ತಿನ್ನಲೂಬಾರದು. ಸ್ಟ್ರಿಪ್ ಮುಗಿಯುವವರೆಗೆ ಚೀಲದಲ್ಲೇ ಇರಲಿ.

ಮಳೆಗಾಲದ ಕರಾವಳಿ, ಮಲೆನಾಡಿನಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ ಗೋಡೆಯೇ ಬೆವರುತ್ತಿರುವಾಗ, ವಾರದ ಮಾತ್ರೆಗಳನ್ನೆಲ್ಲ ಒಟ್ಟಿಗೆ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಯ ಗೂಡುಗಳಿಗೆ ತುಂಬಿಡುವ ಅಭ್ಯಾಸ ಬಿಪಿ ಮಾತ್ರೆಗೆ ನಡೆದರೂ ಇದಕ್ಕೆ ನಡೆಯದು. ನುಂಗುವ ಹೊತ್ತಿಗೆ ಬಿಡಿಸಬೇಕು. ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡಿ ಬಿಡಿ ಮಾರುವಾಗ ಪಕ್ಕದ ಮಾತ್ರೆಯ ಸೀಲಿಗೆ ಕತ್ತರಿ ತಗುಲಿದ್ದರೆ ಆ ತುಂಡು ಬೇಡ. ಬಿಳಿ ಮಾತ್ರೆ ಹಳದಿ–ಕಂದು ಕಲೆಗಟ್ಟಿದ್ದರೆ, ಊದಿದ್ದರೆ, ಮೇಲಿನ ಲೇಪ ಬಿರುಕು ಬಿಟ್ಟಿದ್ದರೆ ಎಕ್ಸ್‌ಪೈರಿ ದಿನಾಂಕ ಏನೇ ಇರಲಿ, ಹಿಂದಿರುಗಿಸಿ. ಅಮಾಕ್ಸಿಸಿಲಿನ್ ಹೆಚ್ಚುಕಡಿಮೆ ಉಳಿದಿರಬಹುದು, ಆದರೆ ನೀವು ದುಡ್ಡು ಕೊಟ್ಟ ಭಾಗ ಹೋಗಿರುತ್ತದೆ. ಇಡುವ ಜಾಗ 25 ಡಿಗ್ರಿ ಸೆಲ್ಸಿಯಸ್ ಒಳಗೆ, ಒಣದಾಗಿ. ಬೇಸಿಗೆಯ ಕಲಬುರಗಿಯಲ್ಲಿ ಸ್ಕೂಟರಿನ ಡಿಕ್ಕಿ, ಎಲ್ಲ ಕಾಲದಲ್ಲೂ ಅಡುಗೆಮನೆಯ ಒಲೆ ಮೇಲಿನ ಶೆಲ್ಫು, ಇವೆರಡೂ ಕೆಟ್ಟ ಜಾಗಗಳು.

ಮಕ್ಕಳ ಡ್ರೈ ಸಿರಪ್

ಇಲ್ಲಿ ತಪ್ಪುಗಳ ಸಾಲೇ ಇದೆ. ನಮ್ಮಲ್ಲಿ ಹೆಚ್ಚು ಸಿಗುವುದು ಎರಡು ಬಗೆ: 5 ಮಿ.ಲೀ.ನಲ್ಲಿ 228.5 ಮಿ.ಗ್ರಾಂ (200+28.5) ಮತ್ತು 457 ಮಿ.ಗ್ರಾಂ (400+57). ಬಾಟಲಿ ಒಂದೇ ಗಾತ್ರ, ಸಾಮಾನ್ಯವಾಗಿ 30 ಮಿ.ಲೀ. ವೈದ್ಯರು ಲೆಕ್ಕ ಹಾಕುವುದು ಅಮಾಕ್ಸಿಸಿಲಿನ್ ಮೇಲೆ, ಮಗುವಿನ ತೂಕಕ್ಕೆ. ಉದಾಹರಣೆಗೆ ದಿನಕ್ಕೆ ಕೆಜಿಗೆ 45 ಮಿ.ಗ್ರಾಂ ಎಂದು ನಿರ್ಧರಿಸಿದರೆ 12 ಕೆಜಿ ಮಗುವಿಗೆ ದಿನಕ್ಕೆ 540, ಒಂದು ಹೊತ್ತಿಗೆ 270 ಮಿ.ಗ್ರಾಂ. 457ರ ಬಾಟಲಿಯಲ್ಲಿ ಅದು ಸುಮಾರು 3.4 ಮಿ.ಲೀ.; 228.5ರ ಬಾಟಲಿಯಲ್ಲಿ 6.75 ಮಿ.ಲೀ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟು, ಚೀಟಿಯಲ್ಲಿದ್ದ ಮಿ.ಲೀ. ಹಾಗೇ ಮುಂದುವರಿದರೆ ಮಗುವಿಗೆ ಅರ್ಧವೋ ಇಮ್ಮಡಿಯೋ ಹೋಗುತ್ತದೆ. ಬಾಟಲಿ ಬದಲಾದರೆ ಮಿ.ಲೀ. ಬದಲಾಗಲೇಬೇಕು.

ಕಲಸುವ ರೀತಿ ಹೀಗೆ. ಮೊದಲು ಮುಚ್ಚಿದ ಬಾಟಲಿಯನ್ನೇ ಅಂಗೈಗೆ ತಟ್ಟಿ ತಳದಲ್ಲಿ ಗಟ್ಟಿಯಾದ ಪುಡಿಯನ್ನು ಸಡಿಲಿಸಿ. ಡಬ್ಬಿಯೊಳಗೆ ಸ್ಟೆರೈಲ್ ನೀರಿನ ಸಣ್ಣ ಬಾಟಲಿ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. 'ಸ್ವಲ್ಪ ಬೆಚ್ಚಗಿದ್ದರೆ ಬೇಗ ಕರಗುತ್ತದೆ' ಎಂಬ ಉಪಾಯ ಬೇಡ. ಬಿಸಿಗೆ ಮೊದಲು ಒಡೆಯುವುದು ಕ್ಲಾವ್ಯುಲನೇಟ್. ನೀರಿನ ಮೂರನೇ ಎರಡು ಭಾಗ ಹಾಕಿ ಜೋರಾಗಿ ಕುಲುಕಿ, ಐದು ನಿಮಿಷ ಬಿಟ್ಟು ನೊರೆ ಇಳಿದ ಮೇಲೆ ಗೀಟಿನವರೆಗೆ ತುಂಬಿ ಮತ್ತೆ ಕುಲುಕಿ. ಒಂದೇ ಸಲ ಪೂರ್ತಿ ಸುರಿದರೆ ತಳದಲ್ಲಿ ಉಂಡೆ ನಿಲ್ಲುತ್ತದೆ: ಮೊದಲ ದಿನ ಮಗು ಕುಡಿಯುವುದು ನೀರು, ಕೊನೆಯ ದಿನ ಕುಡಿಯುವುದು ಗಟ್ಟಿ ಔಷಧಿ. ನೊರೆಯನ್ನೇ ನೀರಿನ ಮಟ್ಟ ಎಂದು ನಂಬಿ ಗೀಟಿಗಿಂತ ಕೆಳಗೆ ನಿಲ್ಲಿಸುವುದು ಇನ್ನೊಂದು ತಪ್ಪು.

ಕಲಸಿದ ಮೇಲೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಅಂದರೆ ನಡುವಿನ ತಟ್ಟೆಯಲ್ಲಿ ಇಡಬೇಕು; ಬಾಗಿಲಲ್ಲಲ್ಲ, ಫ್ರೀಜರಿನಲ್ಲಂತೂ ಅಲ್ಲವೇ ಅಲ್ಲ. ಏಳು ದಿನ ಕಳೆದರೆ ಎಷ್ಟೇ ಉಳಿದಿರಲಿ, ಮುಗಿಯಿತು. ಮೇಲಿನ ಮಗುವಿಗೆ 457ರ 30 ಮಿ.ಲೀ. ನಾಲ್ಕೂವರೆ ದಿನಕ್ಕೂ ಸಾಲದು. ಏಳು ದಿನದ ಕೋರ್ಸಿಗೆ ಎರಡು ಬಾಟಲಿ ಬೇಕು. ಎರಡನ್ನೂ ಒಟ್ಟಿಗೆ ಕಲಸಿಡಬೇಡಿ, ಮೊದಲನೆಯದು ಮುಗಿದ ದಿನ ಎರಡನೆಯದನ್ನು ಕಲಸಿ. ಕಲಸಿದ ತಾರೀಕನ್ನು ಲೇಬಲ್ ಮೇಲೆ ಬರೆದಿಡಿ. ಅಳೆಯಲು ಸೂಜಿಯಿಲ್ಲದ 5 ಮಿ.ಲೀ. ಸಿರಿಂಜಿನಷ್ಟು ಒಳ್ಳೆಯದು ಬೇರೆ ಇಲ್ಲ. ಅಡುಗೆಮನೆಯ ಚಮಚ ಮನೆಗೊಂದು ಅಳತೆ.

ಆಸ್ಪತ್ರೆಯ ಇಂಜೆಕ್ಷನ್ನಿನ ಮಾತು ಎರಡೇ ಸಾಲು. 1.2 ಗ್ರಾಂ ವಯಲ್ ಅಂದರೆ 1 ಗ್ರಾಂ+200 ಮಿ.ಗ್ರಾಂ, 20 ಮಿ.ಲೀ. ಇಂಜೆಕ್ಷನ್ ನೀರಿನಲ್ಲಿ ಕರಗಿಸಿ 20 ನಿಮಿಷದೊಳಗೆ ಕೊಡಬೇಕು. ಕರಗುವಾಗ ಒಂದು ಕ್ಷಣ ಗುಲಾಬಿ ಬಣ್ಣ ಮೂಡಿ ಮಾಯವಾದರೆ ಗಾಬರಿ ಬೇಡ. ಗ್ಲೂಕೋಸ್ ಬಾಟಲಿಗೆ ಬೆರೆಸಿದರೆ ಬೇಗ ಕೆಡುತ್ತದೆ, ಜೆಂಟಮೈಸಿನ್–ಅಮಿಕಾಸಿನ್ ಜೊತೆ ಒಂದೇ ಸಿರಿಂಜಿಗೆ ತುಂಬಿದರೆ ಆ ಔಷಧಿಗಳ ಬಲವೇ ಕುಸಿಯುತ್ತದೆ.

125 ಎಲ್ಲಿ ಸಾರ್ಥಕ, ಎಲ್ಲಿ ದಂಡ

ಸಾರ್ಥಕವಾಗುವ ಜಾಗಗಳು ಗಟ್ಟಿಯಾಗಿವೆ. ನಾಯಿ, ಬೆಕ್ಕು, ಮನುಷ್ಯ ಕಚ್ಚಿದ ಆಳವಾದ ಗಾಯ, ಅದರಲ್ಲೂ ಕೈಗೆ ಆದದ್ದು: ಬಾಯಿಯ ಪಾಸ್ಟುರೆಲ್ಲಾ, ಸ್ಟೆಫಿಲೊಕಾಕಸ್, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಎಲ್ಲವನ್ನೂ ಒಂದೇ ಮಾತ್ರೆ ಮುಟ್ಟುತ್ತದೆ. ಆದರೆ ಹದಿನೈದು ನಿಮಿಷ ಸೋಪು–ನೀರಿನಲ್ಲಿ ತೊಳೆಯುವುದು ಮತ್ತು ರೇಬೀಸ್ ಲಸಿಕೆಗೆ ಈ ಮಾತ್ರೆ ಬದಲಿಯಲ್ಲ. ಹೀಮೊಫಿಲಸ್ ಇನ್‌ಫ್ಲುಯೆಂಜೆ ಅಥವಾ ಮೊರಾಕ್ಸೆಲ್ಲಾದಿಂದ ಬಂದ ಕಿವಿ, ಸೈನಸ್ ಸೋಂಕಿನಲ್ಲಿ ಬಿಡಿ ಅಮಾಕ್ಸಿಸಿಲಿನ್ ಸೋಲುವುದು ಕಿಣ್ವದಿಂದಲೇ, ಅಲ್ಲಿ ಇದು ಗೆಲ್ಲುತ್ತದೆ. ಮುಖ ಊದಿಸಿದ ಹಲ್ಲಿನ ಕೀವಿನಲ್ಲೂ ಹೌದು. ಅಲ್ಲಿ ಜೊತೆಗೆ ಮೆಟ್ರೊನಿಡಜೋಲ್ ಬರೆಯುವ ರೂಢಿ ನಮ್ಮಲ್ಲಿದೆ. ಸಾಮಾನ್ಯವಾಗಿ ಅದು ಛತ್ರಿ ಹಿಡಿದವರ ಮೇಲೆ ಇನ್ನೊಂದು ಛತ್ರಿ. ಆಮ್ಲಜನಕವಿಲ್ಲದೆ ಬದುಕುವ ಬಾಯಿಯ ಬ್ಯಾಕ್ಟೀರಿಯಾಗಳನ್ನು ಈ ಜೋಡಿಯೇ ನೋಡಿಕೊಳ್ಳುತ್ತದೆ.

ಗಂಟಲುನೋವು ಬೇರೆ ಕಥೆ. ಹೆಚ್ಚಿನವು ವೈರಸ್; ಅವಕ್ಕೆ ಗೋಡೆಯೂ ಇಲ್ಲ, ಕಿಣ್ವದ ಪ್ರಶ್ನೆಯೂ ಇಲ್ಲ. ನಿಜಕ್ಕೂ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಆಗಿದ್ದರೆ, ಆ ಬ್ಯಾಕ್ಟೀರಿಯಾ ಬೀಟಾ-ಲ್ಯಾಕ್ಟಮೇಸ್ ಬೆಳೆಸಿಕೊಂಡದ್ದನ್ನು ಯಾರೂ ಕಂಡಿಲ್ಲ; ಬಿಡಿ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಕು. 625 ಕೊಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ನ್ಯುಮೊಕಾಕಸ್‌ಗೂ ಕಿಣ್ವವಿಲ್ಲ, ಅದು ಬಗ್ಗದಿದ್ದರೆ ಕಾರಣ ಅದರ ಪಿಬಿಪಿಯೇ ಆಕಾರ ಬದಲಿಸಿರುವುದು. ಅಲ್ಲಿ ಬೇಕಾದದ್ದು ಹೆಚ್ಚು ಅಮಾಕ್ಸಿಸಿಲಿನ್, ಹೆಚ್ಚು ಕ್ಲಾವ್ಯುಲನೇಟ್ ಅಲ್ಲ. ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೂ ಬಗ್ಗದ ಸ್ಟೆಫಿಲೊಕಾಕಸ್) ಕೂಡ ಹಾಗೆಯೇ: ಪಿಬಿಪಿ-2ಎ ಎಂಬ ಬೇರೆಯದೇ ಪ್ರೋಟೀನ್ ತಂದುಕೊಂಡಿದೆ, ಕಿಣ್ವದ ಬಾಯಿ ಕಟ್ಟಿ ಪ್ರಯೋಜನವಿಲ್ಲ.

ಇನ್ನು ಕಿಣ್ವವಿದ್ದೂ 125 ಸೋಲುವ ಪಟ್ಟಿ. ಎಂಟೆರೊಬ್ಯಾಕ್ಟರ್, ಸೆರೇಷಿಯಾ, ಸುಡೊಮೊನಾಸ್‌ಗಳ ಆಂಪ್‌ಸಿ ಕಿಣ್ವಕ್ಕೆ ಕ್ಲಾವ್ಯುಲನೇಟ್ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಇವುಗಳಲ್ಲಿ ಕೆಲವು ಅದರ ಸುಳಿವು ಸಿಕ್ಕಿದೊಡನೆ ಆಂಪ್‌ಸಿ ತಯಾರಿಕೆಯನ್ನೇ ಏರಿಸುತ್ತವೆ. ಎನ್‌ಡಿಎಂ (ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್) ಕಿಣ್ವದಲ್ಲಿ ಸೆರೀನ್ ಇಲ್ಲವೇ ಇಲ್ಲ, ಸತುವಿನ ಅಯಾನುಗಳು ನೀರನ್ನು ಹಿಡಿದು ನೇರವಾಗಿ ಉಂಗುರ ಕತ್ತರಿಸುತ್ತವೆ. ಕ್ಲಾವ್ಯುಲನೇಟ್ ಅಂಟಿಕೊಳ್ಳಲು ಜಾಗವೇ ಇಲ್ಲ. ಈ ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರು ಬಿದ್ದದ್ದು ದೆಹಲಿಯಲ್ಲಿ ಆಸ್ಪತ್ರೆ ಸೇರಿ ಸ್ವೀಡನ್‌ಗೆ ಮರಳಿದ ಒಬ್ಬ ರೋಗಿಯಲ್ಲಿ 2008ರಲ್ಲಿ ಸಿಕ್ಕಿದ್ದರಿಂದ. ಕೆಪಿಸಿ ಎಂಬುದು ಕ್ಲಾವ್ಯುಲನೇಟನ್ನೇ ಚೂರು ಮಾಡುತ್ತದೆ. ಒಎಕ್ಸ್‌ಎ-1 ಕಿಣ್ವ ಬಗ್ಗುವುದು ಬಹಳ ಕಡಿಮೆ. ಸಿಟಿಎಕ್ಸ್-ಎಂ-15 ಎಂಬ ಇಎಸ್‌ಬಿಎಲ್ (ಸೆಫಲೊಸ್ಪೊರಿನ್‌ಗಳನ್ನೂ ಮುರಿಯುವ ಬೀಟಾ-ಲ್ಯಾಕ್ಟಮೇಸ್) ಹೊತ್ತ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವ ಡಿಎನ್‌ಎ ಉಂಗುರಗಳಾದ ಪ್ಲಾಸ್ಮಿಡ್‌ಗಳಲ್ಲಿ ಅದೂ ಜೊತೆಗೆ ಸವಾರಿ ಮಾಡುವುದು ಸಾಮಾನ್ಯ. ಸಿಟಿಎಕ್ಸ್-ಎಂ-15ನ್ನು ಕ್ಲಾವ್ಯುಲನೇಟ್ ಚೆನ್ನಾಗಿ ಕಟ್ಟುತ್ತದೆ, ಪಕ್ಕದಲ್ಲಿ ಕೂತ ಒಎಕ್ಸ್‌ಎ-1 ಅಮಾಕ್ಸಿಸಿಲಿನ್ನನ್ನು ತಿಂದು ಮುಗಿಸುತ್ತದೆ. ಮೂತ್ರದ ಸೋಂಕಿಗೆ ಈ ಮಾತ್ರೆಯನ್ನು ಕಣ್ಣುಮುಚ್ಚಿ ಶುರು ಮಾಡಬಾರದು ಎನ್ನುವುದು ಇದಕ್ಕೇ. ಸಾಧಾರಣ ಮೂತ್ರಕೋಶದ ಸೋಂಕಿಗೆ ನೈಟ್ರೊಫ್ಯುರಾಂಟೊಯಿನ್ ಅಥವಾ ಫಾಸ್ಫೊಮೈಸಿನ್ ಮೊದಲ ಸಾಲಿನಲ್ಲಿ ನಿಲ್ಲುತ್ತವೆ.

ಹೊಟ್ಟೆ, ಲಿವರ್

ಭೇದಿ ಈ ಮಾತ್ರೆಯ ಮಾಮೂಲಿ ದೂರು. ಕ್ಲಾವ್ಯುಲನೇಟ್ ಕಡಿಮೆ ಹೋಗುವ 1000ದ ದಿನಕ್ಕೆರಡು ಕ್ರಮದಲ್ಲಿ 625ರ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಕಡಿಮೆ. ರಕ್ತ ಬಂದರೆ, ಜ್ವರ ಕೂಡಿದರೆ, ಕೋರ್ಸ್ ಮುಗಿದ ಮೇಲೂ ನಿಲ್ಲದಿದ್ದರೆ ಮಜ್ಜಿಗೆಯಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಕಾಮಾಲೆ. ಅಪರೂಪ, ಆದರೆ ವಯಸ್ಸಾದ ಗಂಡಸರಲ್ಲಿ, ಉದ್ದ ಕೋರ್ಸಿನಲ್ಲಿ ಹೆಚ್ಚು. ಮಾತ್ರೆ ನಿಲ್ಲಿಸಿ ಕೆಲವು ವಾರವಾದ ಮೇಲೂ ಕಣ್ಣು ಹಳದಿಯಾಗಿ, ಮೈ ತುರಿಸಿ, ಮೂತ್ರ ಗಾಢವಾಗಬಹುದು. ಆಗ 'ಹಿಂದಿನ ತಿಂಗಳು ಸಿಕ್ಸ್ ಟ್ವೆಂಟಿಫೈವ್ ತಗೊಂಡಿದ್ದೆ' ಎಂದು ವೈದ್ಯರಿಗೆ ಹೇಳದಿದ್ದರೆ ಕಾರಣ ಹುಡುಕಲು ಅನಗತ್ಯ ಸ್ಕ್ಯಾನುಗಳಾಗುತ್ತವೆ. ಒಮ್ಮೆ ಹೀಗಾದವರು ಈ ಜೋಡಿಯನ್ನು ಮತ್ತೆ ಮುಟ್ಟಬಾರದು. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಇದು ಪೆನಿಸಿಲಿನ್ನೇ, ಹೆಸರು ಬೇರೆ ಇದೆಯೆಂದು ಮೋಸಹೋಗಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಐಎನ್ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಿಸಿಕೊಳ್ಳಬೇಕು.

ಹೆಸರಿನ ಕೊನೆಗೆ 'ಎಲ್‌ಬಿ' ಸೇರಿಸಿ ಅದೇ ಮಾತ್ರೆಯಲ್ಲಿ ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್ ಹಾಕಿದ ಬಗೆಗಳಿಗೆ ಹೆಚ್ಚಿಗೆ ದುಡ್ಡು ಕೊಡುವುದರಲ್ಲಿ ಅರ್ಥ ಕಾಣುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯ ಮಡಿಲಲ್ಲೇ ಬ್ಯಾಕ್ಟೀರಿಯಾ ಕೂರಿಸಿ ಕಳಿಸುವ ಯೋಚನೆ ಅದು. ಅಮಾಕ್ಸಿಸಿಲಿನ್ 250 + ಕ್ಲಾಕ್ಸಸಿಲಿನ್ 250 ಎಂಬ ಹಳೆಯ ಜೋಡಿಯೂ ಇನ್ನೂ ಓಡುತ್ತಿದೆ. ಕ್ಲಾಕ್ಸಸಿಲಿನ್ ಸ್ಟೆಫಿಲೊಕಾಕಸ್‌ನ ಕಿಣ್ವಕ್ಕೆ ಜಗ್ಗುವುದಿಲ್ಲ ನಿಜ, ಆದರೆ ಅದು ಕಿಣ್ವವನ್ನು ಕಟ್ಟಿ ಅಮಾಕ್ಸಿಸಿಲಿನ್ನನ್ನು ಕಾಪಾಡುವ ಪರಿಯದಲ್ಲ. ಕೈಗೆ ಬರುವುದು ಎರಡರದ್ದೂ ಅರೆ ಡೋಸ್. ಕ್ಲಾವ್ಯುಲನೇಟ್‌ನ ನಂತರದ ತಲೆಮಾರಿನಲ್ಲಿ ಗಮನಿಸಬೇಕಾದದ್ದು ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್ಮೆಟಾಜೊಬ್ಯಾಕ್ಟಮ್. ಸೆಫೆಪೈಮ್ ಜೊತೆ ಇಂಜೆಕ್ಷನ್ನಾಗಿ 2024ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಅದೂ ಎನ್‌ಡಿಎಂ ಮುಂದೆ ನಿಲ್ಲುವುದಿಲ್ಲ.

ಲ್ಯಾಬಿನವರಿಗೆ

ಕಲ್ಚರ್ ರಿಪೋರ್ಟಿನಲ್ಲಿ ಈ ಮಾತ್ರೆಯ ಸಾಲನ್ನು ಒಂಟಿಯಾಗಿ ಓದಬಾರದು. ಆಂಪಿಸಿಲಿನ್ ಆರ್ (ಬ್ಯಾಕ್ಟೀರಿಯಾ ಬಗ್ಗುವುದಿಲ್ಲ), ಅಮಾಕ್ಸಿಕ್ಲಾವ್, ಅಂದರೆ ಈ ಜೋಡಿ, ಎಸ್ (ಬಗ್ಗುತ್ತದೆ) ಎಂದಿದ್ದರೆ ಟೆಮ್-1ರಂಥ ಸರಳ ಕಿಣ್ವ. 125 ತನ್ನ ಕೆಲಸ ಮಾಡುತ್ತದೆ. ಸೆಫ್ಟ್ರಿಯಾಕ್ಸೋನ್ ಎಸ್ ಇದ್ದೂ ಅಮಾಕ್ಸಿಕ್ಲಾವ್ ಆರ್ ಆಗಿದ್ದರೆ ಒಎಕ್ಸ್‌ಎ-1, ಅಥವಾ ಅತಿಯಾಗಿ ಉತ್ಪತ್ತಿಯಾದ ಟೆಮ್-1 ಎಂದು ಅನುಮಾನಿಸಬಹುದು. ಸೆಫಾಕ್ಸಿಟಿನ್ನೂ ಸೇರಿ ಮೂರೂ ಆರ್ ಆದರೆ ಆಂಪ್‌ಸಿ ಕಡೆ ಬೆರಳು. ಮೆರೊಪೆನಮ್ಮೂ ಆರ್ ಆದರೆ ಎನ್‌ಡಿಎಂ ಅಥವಾ ಒಎಕ್ಸ್‌ಎ-48ರ ಪರೀಕ್ಷೆಗೆ ಕಳಿಸಬೇಕು.

ಡಿಸ್ಕ್, ಅಂದರೆ ಔಷಧಿ ಹೀರಿದ ಕಾಗದದ ಬಿಲ್ಲೆ, 20/10 ಮೈಕ್ರೊಗ್ರಾಂ. 4 ಮಿ.ಮೀ. ದಪ್ಪದ ಮ್ಯುಲ್ಲರ್ ಹಿಂಟನ್ ಅಗರ್, 0.5 ಮ್ಯಾಕ್‌ಫರ್ಲ್ಯಾಂಡ್ ಸಾಂದ್ರತೆ, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ. ಸಿಎಲ್‌ಎಸ್‌ಐ (ಲ್ಯಾಬ್ ಮಾನದಂಡಗಳ ಅಮೆರಿಕದ ಸಂಸ್ಥೆ) ಪ್ರಕಾರ ಕರುಳಿನ ಬ್ಯಾಕ್ಟೀರಿಯಾಗಳಿಗೆ, ಡಿಸ್ಕಿನ ಸುತ್ತ ಅವು ಬೆಳೆಯದ ವಲಯ 18 ಮಿ.ಮೀ. ಅಥವಾ ಹೆಚ್ಚಿದ್ದರೆ ಎಸ್, 13 ಅಥವಾ ಕಡಿಮೆ ಆರ್. ಇದೇ ಡಿಸ್ಕನ್ನು ಸೆಫೊಟಾಕ್ಸಿಮ್ ಡಿಸ್ಕಿನಿಂದ 20 ಮಿ.ಮೀ. ದೂರ ಇಟ್ಟರೆ, ಇಎಸ್‌ಬಿಎಲ್ ಇದ್ದಲ್ಲಿ ಸೆಫೊಟಾಕ್ಸಿಮ್ ವಲಯ ಇದರ ಕಡೆಗೆ ಬಾಟಲಿಯ ಕತ್ತಿನಂತೆ ಚಾಚಿಕೊಳ್ಳುತ್ತದೆ. ಕ್ಲಾವ್ಯುಲನೇಟ್ ಹರಡಿದಷ್ಟು ದೂರ ಕಿಣ್ವ ಸತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಖಚಿತಪಡಿಸಲು ಸೆಫೊಟಾಕ್ಸಿಮ್ 30 ಮತ್ತು ಸೆಫೊಟಾಕ್ಸಿಮ್–ಕ್ಲಾವ್ಯುಲನೇಟ್ 30/10 ಡಿಸ್ಕ್‌ಗಳನ್ನು ಹೋಲಿಸಿ: ಎರಡನೆಯದು 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಾದರೆ ಇಎಸ್‌ಬಿಎಲ್.

ಮಾತ್ರೆಗೆ ಬರುವ ತೇವದ ಕಾಟ ಡಿಸ್ಕಿಗೂ ಬರುತ್ತದೆ. ಕಾರ್ಟ್ರಿಜ್‌ಗಳ ಸಂಗ್ರಹ ಮೈನಸ್ 20ರಲ್ಲಿ; ದಿನಬಳಕೆಯದನ್ನು 2ರಿಂದ 8 ಡಿಗ್ರಿಯಲ್ಲಿ ವಾರಕ್ಕಿಂತ ಹೆಚ್ಚು ಇಡಬಾರದು. ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಡಿಸ್ಕ್ ಮೇಲೆ ಇಬ್ಬನಿ ಕೂತು ಕ್ಲಾವ್ಯುಲನೇಟ್ ಒಡೆಯುತ್ತದೆ. ಒಂದೆರಡು ಗಂಟೆ ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಬೇಕು. ಗುಣಮಟ್ಟದ ಪರೀಕ್ಷೆಗೆ ಎಟಿಸಿಸಿ ಸಂಗ್ರಹದ 25922 ಎಂಬ ಇ. ಕೋಲೈ ಒಂದನ್ನೇ ಹಾಕಿ ಸಮಾಧಾನಪಡುವ ಲ್ಯಾಬುಗಳು ಇಲ್ಲೇ ಎಡವುವುದು. ಅದರಲ್ಲಿ ಟೆಮ್-1ರಂಥ ಕಿಣ್ವವಿಲ್ಲ. ಡಿಸ್ಕಿನ ಕ್ಲಾವ್ಯುಲನೇಟ್ ಪೂರ್ತಿ ಸತ್ತಿದ್ದರೂ ಅಮಾಕ್ಸಿಸಿಲಿನ್ ಒಂದರಿಂದಲೇ 18ರಿಂದ 24 ಮಿ.ಮೀ. ವಲಯ ಬಂದು ಎಲ್ಲ ಸರಿಯಿದೆ ಎನಿಸುತ್ತದೆ. ಟೆಮ್-1 ಹೊತ್ತ ಎಟಿಸಿಸಿ 35218ನ್ನು ಜೊತೆಗೆ ಹಾಕಬೇಕು. ಅದರ ವಲಯ 17ರಿಂದ 22 ಮಿ.ಮೀ. ಒಳಗಿರಬೇಕು. 17ಕ್ಕಿಂತ ಕಿರಿದಾದರೆ ಆ ದಿನದ ಅಮಾಕ್ಸಿಕ್ಲಾವ್ ಫಲಿತಾಂಶಗಳನ್ನು ತಡೆಹಿಡಿದು, ಹೊಸ ಕಾರ್ಟ್ರಿಜ್ ತೆಗೆದು, ಪ್ಲೇಟುಗಳನ್ನು ಮತ್ತೆ ಹಾಕಬೇಕು.